ಪಾಠ ಯೋಜನೆಯಲ್ಲಿ ಇಲ್ಲದ ಆರು ನಿಮಿಷ

ನನ್ನ ಅಭ್ಯಾಸ ಬೋಧನೆಯ ದಾಖಲೆ ಪುಸ್ತಕದಲ್ಲಿ 22ನೆಯ ಪಾಠಕ್ಕೆ ಒಳ್ಳೆಯ ಅಂಕ ಬಂದಿದೆ, 25ನೆಯ ಪಾಠಕ್ಕೆ ಕಡಿಮೆ ಬಂದಿದೆ. ಅಂಕಗಳನ್ನಷ್ಟೇ ನೋಡಿದವರು ನಾನು 22ನೆಯದನ್ನು ಚೆನ್ನಾಗಿ ಮಾಡಿದೆ, 25ನೆಯದರಲ್ಲಿ ಎಡವಿದೆ ಎಂದುಕೊಳ್ಳುತ್ತಾರೆ. ನಡೆದದ್ದು ಅದಕ್ಕೆ ತಿರುಗುಮುರುಗು. ಅದನ್ನು ಮುಂದಿನ ವರ್ಷ ಶಾಲೆಗಳಿಗೆ ಹೋಗುವ ಗೆಳೆಯ ಗೆಳತಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ತಂಡಕ್ಕೆ ಹಂಚಿಕೆಯಾಗಿದ್ದು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಊರ ಸುತ್ತ ಕಬ್ಬಿನ ಹೊಲ, ಡಿಸೆಂಬರಿನಲ್ಲಿ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇರುವುದರಿಂದಲೋ ಏನೋ, ಈ ಭಾಗದ ಅನೇಕ ಊರುಗಳಲ್ಲಿ ಓಣಿಗೆ ನಾಲ್ಕು ಮನೆಯವರು ಮಿಲ್ಟ್ರಿಯಲ್ಲಿ ಇದ್ದಾರೆ. ಶಾಲೆಯಲ್ಲಿ ಮಕ್ಕಳಿಗೆ 'ನಿಮ್ಮ ಅಪ್ಪ ಏನು ಮಾಡತಾರ?' ಎಂದು ಕೇಳಿದರೆ 'ಹೊಲಾ ಮಾಡತಾರ್ರಿ' ಎಂಬ ಉತ್ತರದ ನಂತರ ಹೆಚ್ಚು ಕೇಳಿಸುವುದು 'ಮಿಲ್ಟ್ರ್ಯಾಗ ಅದಾರ್ರಿ' ಎಂಬುದೇ. ನಾನು ಹಾವೇರಿ ಕಡೆಯವಳು. ನಮ್ಮ ಮನೆಯಲ್ಲಾಗಲಿ ಬಳಗದಲ್ಲಾಗಲಿ ಸೈನಿಕರು ಯಾರೂ ಇಲ್ಲ. ಯುದ್ಧ ಎಂದರೆ ನನಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ಕಂಡಷ್ಟು.

ಆ ಶನಿವಾರ ರಾತ್ರಿ ಹಾಸ್ಟೆಲಿನಲ್ಲಿ ನಾವು ಆರೇಳು ಮಂದಿ ಒಂದು ಲ್ಯಾಪ್‌ಟಾಪಿನ ಮುಂದೆ ಕುಳಿತು 'ಬಾರ್ಡರ್' ನೋಡಿದೆವು. ಸೋಮವಾರ ಡಿಸೆಂಬರ್ 16, ವಿಜಯ ದಿವಸ. ಪ್ರಾರ್ಥನೆಯ ಹೊತ್ತಿನಲ್ಲಿ ಆ ದಿನದ ಬಗ್ಗೆ ಮಾತಾಡುವ ಸರದಿ ನಮ್ಮ ತಂಡದ್ದಾಗಿತ್ತು. ಅದಕ್ಕೆ ತಯಾರಿ ಎಂಬ ನೆಪ. ಜೆ.ಪಿ. ದತ್ತಾ ನಿರ್ದೇಶಿಸಿದ, 1997ರಲ್ಲಿ ಬಿಡುಗಡೆಯಾದ ಈ ಹಿಂದಿ ಚಿತ್ರವನ್ನು ನಮ್ಮಲ್ಲಿ ಹೆಚ್ಚಿನವರು ಟಿವಿಯಲ್ಲಿ ತುಂಡು ತುಂಡಾಗಿ ನೋಡಿದ್ದೆವು. ಪೂರ್ತಿಯಾಗಿ ನೋಡಿದ್ದು ಅಂದೇ. ರಾಜಸ್ಥಾನದ ಮರುಭೂಮಿಯ ಲೋಂಗೆವಾಲಾ ಎಂಬ ಗಡಿ ಠಾಣೆ, ಅಲ್ಲಿ ಮೇಜರ್ ಕುಲದೀಪ್ ಸಿಂಗ್ ಅವರ ಕೈಕೆಳಗೆ ಸುಮಾರು 120 ಜನ, ಎದುರಿಗೆ ಟ್ಯಾಂಕುಗಳ ಸಾಲು, ಇಡೀ ರಾತ್ರಿ ಕಾಳಗ, ಬೆಳಗಾದ ಮೇಲೆ ಬರುವ ನಮ್ಮ ವಿಮಾನಗಳು. ಮನೆಯಿಂದ ಬಂದ ಕಾಗದಗಳನ್ನು ಸೈನಿಕರು ಓದಿಕೊಳ್ಳುವ ಹಾಡಿನಲ್ಲಿ ಇಬ್ಬರು ಅತ್ತರು. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್, ಅಂದರೆ ಸುನೀಲ್ ಶೆಟ್ಟಿಯ ಪಾತ್ರ, ಸಿಡಿಮದ್ದು ಹಿಡಿದು ಟ್ಯಾಂಕಿನ ಮೇಲೆ ಬಿದ್ದು ಸಾಯುವಾಗ ನಾನೂ ಅತ್ತೆ.

ಸಿನಿಮಾ ಮುಗಿದ ಮೇಲೆ ವಾದ ಶುರುವಾಯಿತು. ಇತಿಹಾಸ ಬೋಧನಾ ವಿಧಾನದ ಗೆಳತಿ, 'ಇದರಾಗ ಎಷ್ಟು ಖರೆ, ಎಷ್ಟು ಮಸಾಲಿ?' ಎಂದು ಕೇಳಿದಳು. ಕನ್ನಡ ವಿಧಾನದ ಗೆಳತಿಗೆ ಸಿಟ್ಟು ಬಂತು. 'ಸೈನಿಕರು ಸತ್ತದ್ದನ್ನೂ ಅನುಮಾನಿಸಬೇಕೇನು? ಕುಮಾರವ್ಯಾಸ ಯುದ್ಧ ವರ್ಣಿಸಿದಾಗ ಎಷ್ಟು ಖರೆ ಅಂತ ಯಾರರ ಕೇಳತಾರ?' ಎಂದಳು. ವಿಜ್ಞಾನದವಳಾದ ನಾನು ನಡುವೆ ಬಾಯಿ ಹಾಕಿದೆ. 'ಇತಿಹಾಸ ನಿಮಗಿರಲಿ. ಟ್ಯಾಂಕ್ ಮರಳಿನ್ಯಾಗ ಹೆಂಗ ಓಡತದ ಅನ್ನೋದು ನನಗ ಬೇಕು. ಸೋಮವಾರದ ನನ್ನ ಪಾಠ ಒತ್ತಡ.' ಎಲ್ಲರೂ ನಕ್ಕರು. ವಾದ ಅಲ್ಲಿಗೆ ನಿಂತಿತು. ಇತಿಹಾಸ ನನಗೆ ಸಂಬಂಧಪಟ್ಟದ್ದಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದು ಈಗಲೂ ನೆನಪಿದೆ.

ಭಾನುವಾರ ಇಡೀ ದಿನ ಪಾಠ ಯೋಜನೆ ಬರೆದೆ. ಎಂಟನೆಯ ತರಗತಿ, 'ಬಲ ಮತ್ತು ಒತ್ತಡ'. 5ಇ ಮಾದರಿಯ ಮೊದಲ ಹಂತವಾದ ತೊಡಗಿಸಿಕೊಳ್ಳುವಿಕೆಗೆ ಸಿನಿಮಾದ ಎರಡು ನಿಮಿಷದ ತುಣುಕು. ಅನ್ವೇಷಣೆಗೆ ಒಂದು ಟ್ರೇ ಮರಳು, ಒಂದು ಇಟ್ಟಿಗೆ. ಇಟ್ಟಿಗೆಯನ್ನು ಮಲಗಿಸಿ ಇಟ್ಟಾಗ ಎಷ್ಟು ಹೂತುಕೊಳ್ಳುತ್ತದೆ, ನಿಲ್ಲಿಸಿ ಇಟ್ಟಾಗ ಎಷ್ಟು ಎಂದು ಸ್ಕೇಲಿನಿಂದ ಅಳೆಯುವುದು. ಮುಂದೆ ಚೌಕುಳಿ ಹಾಳೆಯ ಮೇಲೆ ಮಕ್ಕಳು ತಮ್ಮ ಪಾದದ ಅಂಚು ಬರೆದು ಚೌಕಗಳನ್ನು ಎಣಿಸಿ ವಿಸ್ತೀರ್ಣ ಕಂಡುಹಿಡಿಯುವುದು.

ಸೋಮವಾರ ಪಾಠ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. 'ಎರೆ ಹೊಲದಾಗ ಕಬ್ಬಿನ ಟ್ರ್ಯಾಕ್ಟರ್ ಸಿಕ್ಕೊಂಡದ್ದು ಯಾರು ನೋಡೀರಿ?' ಎಂದೆ. ಎಲ್ಲ ಕೈಗಳೂ ಎದ್ದವು. 'ಟ್ರ್ಯಾಕ್ಟರಿಗಿಂತ ಎಷ್ಟೋ ಪಟ್ಟು ಭಾರದ ಟ್ಯಾಂಕ್ ಮರಳಿನ ಮ್ಯಾಲೆ ಹೆಂಗ ಓಡತದ?' ಎಂದು ಕೇಳಿ ತುಣುಕು ತೋರಿಸಿದೆ. ನಂತರ ಲೆಕ್ಕ. ಆ ಕಾಳಗದಲ್ಲಿ ಪಾಕಿಸ್ತಾನ ಬಳಸಿದ ಟಿ-59 ಟ್ಯಾಂಕಿನ ತೂಕ ಸುಮಾರು 36 ಟನ್. ಅದರ ಒಂದೊಂದು ಉಕ್ಕಿನ ಪಟ್ಟಿಯ ಅಗಲ 58 ಸೆಂಟಿಮೀಟರಿನಷ್ಟು, ನೆಲಕ್ಕೆ ತಾಗುವ ಉದ್ದ 3.8 ಮೀಟರಿನಷ್ಟು. ಎರಡೂ ಪಟ್ಟಿ ಸೇರಿದರೆ ನೆಲಕ್ಕೆ ತಾಗುವ ಜಾಗ ಸುಮಾರು 44,000 ಚದರ ಸೆಂಟಿಮೀಟರ್. 36,000 ಕಿಲೋವನ್ನು ಅದರಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ 0.8 ಕಿಲೋ. ನಮ್ಮ ತರಗತಿಯ 40 ಕಿಲೋ ತೂಕದ ಹುಡುಗನೊಬ್ಬ ಒಂಟಿಕಾಲಿನಲ್ಲಿ ನಿಂತಾಗ, ಅವನ ಪಾದದ 120 ಚದರ ಸೆಂಟಿಮೀಟರಿನ ಮೇಲೆ ಬೀಳುವುದು 0.33 ಕಿಲೋ. ಅಂದರೆ ಟ್ಯಾಂಕಿನ ತೂಕ ಹುಡುಗನ ತೂಕದ 900 ಪಟ್ಟು, ಒತ್ತಡ ಮಾತ್ರ ಎರಡೂವರೆ ಪಟ್ಟು. ಹುಡುಗರು ಹೋ ಎಂದರು. ಅಷ್ಟಾದರೂ ಮೆತ್ತನೆಯ ಮರಳಿನಲ್ಲಿ ಅಲ್ಲಿ ಕೆಲವು ಟ್ಯಾಂಕು, ವಾಹನಗಳು ಸಿಕ್ಕಿಬಿದ್ದವು ಎಂದೂ ಹೇಳಿದೆ. ಹಿಂದೆ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ತಲೆಯಾಡಿಸಿದರು.

ತಪ್ಪಾದದ್ದು ತುಣುಕು ತೋರಿಸುವಾಗ. ಎರಡು ನಿಮಿಷಕ್ಕೆ ನಿಲ್ಲಿಸಬೇಕಿತ್ತು. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊಸ ಶಿಕ್ಷಕಿಗೆ ಅಂಥ ನಿಶ್ಶಬ್ದ ಸಿಕ್ಕರೆ ಅದನ್ನು ಮುರಿಯಲು ಮನಸ್ಸು ಬರುವುದಿಲ್ಲ. ಇರಲಿ ಎಂದು ಬಿಟ್ಟೆ. ಭೈರೋನ್ ಸಿಂಗ್ ಸಾಯುವ ದೃಶ್ಯವೂ ಬಂದುಹೋಯಿತು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಟೀಚರ್ರಿ, ಅವರು ಖರೇನ ಸತ್ರೇನ್ರಿ?' ಎಂದಳು.

'ಹೌದವ್ವ. ಇದು ಖರೆ ಕತಿ. ನಮಗಾಗಿ ಪ್ರಾಣ ಕೊಟ್ಟರು' ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. ಅವಳು ಕುಳಿತಳು. ನಾನು ಇಟ್ಟಿಗೆ, ಮರಳಿನ ಕಡೆಗೆ ತಿರುಗಿದೆ.

ಆ ದಿನದ ಅವಲೋಕನ ನಮೂನೆಯಲ್ಲಿ ಉಪನ್ಯಾಸಕರು ಬರೆದದ್ದು ಮೂರು ಸಾಲು. ಪೀಠಿಕೆ ಪರಿಣಾಮಕಾರಿ. ಚಟುವಟಿಕೆ ಉತ್ತಮ. ಒತ್ತಡವನ್ನು ಕಿಲೋ ಲೆಕ್ಕದಲ್ಲಿ ಹೇಳಿದ್ದೀರಿ, ಪ್ಯಾಸ್ಕಲ್‌ನಲ್ಲಿ ಹೇಳಬೇಕಿತ್ತು. ಅವರು ಹೇಳಿದ್ದು ಸರಿ, ಏಕಮಾನ ತಪ್ಪಾಗಿತ್ತು. 'ವಿಷಯದ ನಿಖರತೆ' ಎಂಬ ಕಲಮಿನಲ್ಲಿ 5ಕ್ಕೆ 4 ಕೊಟ್ಟಿದ್ದರು. ಆ ಒಂದು ಅಂಕ ಹೋದದ್ದು ಪ್ಯಾಸ್ಕಲ್‌ಗೆ. ಬದುಕಿದ್ದ ಮನುಷ್ಯನನ್ನು ಸತ್ತ ಎಂದು ಹೇಳಿದ್ದು ಅವರಿಗೂ ಗೊತ್ತಾಗಿರಲಿಲ್ಲ, ನನಗೂ.

ಮಂಗಳವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ನಾನು ಗಮನಿಸಲೂ ಇಲ್ಲ. ಬುಧವಾರ ಮಧ್ಯಾಹ್ನ ಬಿಸಿಯೂಟದ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರು ಕರೆದರು. ಅವರ ಕೋಣೆಯಲ್ಲಿ ಧೋತರ ಉಟ್ಟು ಬಿಳಿ ಟೋಪಿ ಹಾಕಿದ್ದ ಹಿರಿಯರೊಬ್ಬರು ಕುಳಿತಿದ್ದರು. ಬೆನ್ನು ನೆಟ್ಟಗಿತ್ತು. ನಾನು ಒಳಗೆ ಹೋದಾಗ ಎದ್ದು ನಿಂತು ನಮಸ್ಕಾರ ಮಾಡಿದರು. ನನ್ನ ಅಜ್ಜನ ವಯಸ್ಸಿನವರು ನನಗೆ ಎದ್ದು ನಿಂತಿದ್ದು ಕಂಡು ನನಗೆ ಹೇಗೋ ಆಯಿತು. ಅವರು ಆ ಹುಡುಗಿಯ ಅಜ್ಜ. ಹವಾಲ್ದಾರರಾಗಿ ನಿವೃತ್ತರಾದವರು.

ಅವರು ಜಗಳಕ್ಕೆ ಬಂದಿರಲಿಲ್ಲ. 'ಅಕ್ಕೋರ, ಮೊಮ್ಮಗಳು ಎರಡು ರಾತ್ರಿ ಆತು, ನಿದ್ದಿ ಮಾಡವಲ್ಲಳು. ಅವರಪ್ಪ ಈಗ ರಾಜಸ್ಥಾನದ ಕಡೇನ ಅದಾನ. ಸಿನಿಮಾದಾಗ ತೋರಿಸಿದ ಜಾಗಾ ಅದ ಅಂತ ಅಕಿ ತಲ್ಯಾಗ ಕುಂತದ. ಫೋನ್ ಹತ್ತದಿದ್ರ ಅಳಾಕ ಚಾಲೂ ಮಾಡತಾಳ' ಎಂದರು.

ಏನು ಹೇಳಬೇಕೋ ತಿಳಿಯದೆ, 'ಅಜ್ಜಾರ, ಅದು ಖರೆ ಕತಿ ಅಂತ ತೋರಿಸಿದೆ' ಎಂದೆ.

'ಆ ಮನಷ್ಯಾ ಸತ್ತಾನ ಅಂತ ನಿಮಗ ಯಾರು ಹೇಳಿದ್ರು?'

'ಸಿನಿಮಾದಾಗ...' ಎಂದು ನಿಲ್ಲಿಸಿದೆ. ಆ ಉತ್ತರ ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ನಂತರ, ಸ್ವಲ್ಪ ಜಾಣತನದಿಂದ ಎಂಬಂತೆ, 'ನೀವು ಆಗ ಸೈನ್ಯದಾಗ ಇದ್ರೇನ್ರಿ? ಅಲ್ಲಿ ಏನಾತು ಅಂತ ನಿಮಗ ಗೊತ್ತಿರಬೇಕಲ್ರಿ' ಎಂದೆ.

ಅವರು ಹೇಳಿದ ಮಾತನ್ನು ಅಂದೇ ರಾತ್ರಿ ನನ್ನ ಡೈರಿಯಲ್ಲಿ ಬರೆದುಕೊಂಡೆ. 'ಎಪ್ಪತ್ತೊಂದರಾಗ ನಾ ಇದ್ದೆ. ಆದ್ರ ನಾ ಇದ್ದದ್ದು ಪೂರ್ವದ ಕಡೆ. ಲೋಂಗೆವಾಲಾ ನಾ ಕಂಡಿಲ್ಲ. ಕಾಣದ್ದನ್ನ ನಾ ಹೇಳಂಗಿಲ್ರಿ.' ಆ ಯುದ್ಧದಲ್ಲಿ ಸ್ವತಃ ಬಂದೂಕು ಹಿಡಿದಿದ್ದವರು, ಕಾಣದ್ದನ್ನು ಹೇಳುವುದಿಲ್ಲ ಎಂದರು. ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡಿದ್ದ ನಾನು 34 ಮಕ್ಕಳ ಮುಂದೆ ಎಲ್ಲ ಕಂಡವಳ ಹಾಗೆ ಹೇಳಿದ್ದೆ.

ಅಂದು ರಾತ್ರಿ ಹಾಸ್ಟೆಲಿನಲ್ಲಿ ಇತಿಹಾಸದ ಗೆಳತಿಯ ಪಕ್ಕ ಹೋಗಿ ಕುಳಿತೆ. ಶನಿವಾರ ನಾನು ನಕ್ಕು ನಿಲ್ಲಿಸಿದ್ದ ವಾದವನ್ನು ನಾನೇ ಮತ್ತೆ ಎತ್ತಬೇಕಾಯಿತು. ಕಾಲೇಜಿನ ಗ್ರಂಥಾಲಯದಲ್ಲಿ ಸಿಕ್ಕ 1971ರ ಯುದ್ಧದ ಎರಡು ಪುಸ್ತಕ, ಹಳೆಯ ಪತ್ರಿಕೆಗಳ ಜಾಲತಾಣ, ಸೈನಿಕರ ಸಂದರ್ಶನಗಳು, ಇವುಗಳನ್ನು ಎರಡು ರಾತ್ರಿ ಓದಿದೆವು. ಅವಳು ನನಗೆ ಒಂದು ನಿಯಮ ಹಾಕಿದಳು. ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಬೇಕು. ಎಡಕ್ಕೆ ಸಿನಿಮಾ ಹೇಳಿದ್ದು, ಬಲಕ್ಕೆ ಬೇರೆ ಬೇರೆ ಕಡೆ ಒಂದೇ ರೀತಿ ಸಿಕ್ಕಿದ್ದು. ಒಂದೇ ಕಡೆ ಸಿಕ್ಕಿದ್ದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಪ್ರಯೋಗಾಲಯದಲ್ಲಿ ನಾವು ಒಂದೇ ಅಳತೆಯನ್ನು ಮೂರು ಸಲ ತೆಗೆದುಕೊಳ್ಳುವುದಿಲ್ಲವೆ, ಹಾಗೆಯೇ.

ಕೆಲವು ವಿಷಯಗಳು ಎಡಕ್ಕೂ ಬಲಕ್ಕೂ ಹೊಂದಿದವು. ಕಾಳಗ ನಡೆದದ್ದು 1971ರ ಡಿಸೆಂಬರ್ 4ರ ರಾತ್ರಿಯಿಂದ. ಠಾಣೆಯಲ್ಲಿದ್ದದ್ದು ಪಂಜಾಬ್ ರೆಜಿಮೆಂಟಿನ 23ನೆಯ ಬೆಟಾಲಿಯನ್ನಿನ ಒಂದು ಕಂಪನಿ, ಜೊತೆಗೆ ಗಡಿ ಭದ್ರತಾ ಪಡೆಯ ಕೆಲವರು. ಎದುರಿಗೆ ಬಂದದ್ದು ಎರಡು ಸಾವಿರಕ್ಕೂ ಹೆಚ್ಚು ಸೈನಿಕರು, ನಲವತ್ತಕ್ಕೂ ಹೆಚ್ಚು ಟ್ಯಾಂಕುಗಳು. ಹಿಂದಕ್ಕೆ ಸರಿಯಬಹುದು ಎಂಬ ಅವಕಾಶವಿದ್ದರೂ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅಲ್ಲೇ ನಿಂತರು. ಅವರಿಗೆ ಮಹಾವೀರ ಚಕ್ರ ಬಂತು. ರಾತ್ರಿ ವಿಮಾನಗಳು ಬರಲಿಲ್ಲ, ಬೆಳಕು ಹರಿದ ಮೇಲೆ ಬಂದವು ಎಂಬುದೂ ನಿಜ. ಜೈಸಲ್ಮೇರ್ ವಿಮಾನ ನೆಲೆಯಲ್ಲಿದ್ದ ಹಂಟರ್ ವಿಮಾನಗಳಲ್ಲಿ ಕತ್ತಲೆಯಲ್ಲಿ ದಾಳಿ ಮಾಡುವ ಸಾಧನಗಳಿರಲಿಲ್ಲ.

ಸಿನಿಮಾ ನೋಡಿದಾಗ ನಮ್ಮ ಗಮನಕ್ಕೆ ಬಾರದಿದ್ದ ವಿಷಯಗಳೂ ಸಿಕ್ಕವು. ಠಾಣೆಯ ಮುಂದಿದ್ದ ತಂತಿ ಬೇಲಿಯನ್ನು ಕಂಡು ಪಾಕಿಸ್ತಾನದ ಪಡೆ ಅಲ್ಲಿ ನೆಲಬಾಂಬುಗಳಿವೆ ಎಂದುಕೊಂಡು ನಿಂತಿತು, ಅದನ್ನು ಪರೀಕ್ಷಿಸುವುದರಲ್ಲಿ ರಾತ್ರಿಯ ಅಮೂಲ್ಯ ಹೊತ್ತು ಹೋಯಿತು. ಅವರಿಗೆ ತಮ್ಮ ವಾಯುಪಡೆಯ ರಕ್ಷಣೆ ಇರಲಿಲ್ಲ. ಮರುಭೂಮಿಯಲ್ಲಿ ಬೆಳಗಾದ ಮೇಲೆ ಟ್ಯಾಂಕಿಗೆ ಅಡಗಲು ಒಂದು ಮರವೂ ಸಿಗುವುದಿಲ್ಲ. ಮೂವತ್ತಕ್ಕೂ ಹೆಚ್ಚು ಟ್ಯಾಂಕುಗಳು ನಾಶವಾದವು, ಸುಮಾರು 200 ಜನ ಪಾಕಿಸ್ತಾನಿ ಸೈನಿಕರು ಸತ್ತರು. ಕಾವಲು ತಿರುಗಲು ಹೋಗಿದ್ದ ಲೆಫ್ಟಿನೆಂಟ್ ಧರಂವೀರ್ ಭಾನ್ ಅವರ ತಂಡಕ್ಕೆ ಗಡಿಯಾಚೆಯಿಂದ ಟ್ಯಾಂಕುಗಳ ಸದ್ದು ಮೊದಲು ಕೇಳಿಸಿತು. ಇದನ್ನು ಓದಿದಾಗ ನನ್ನ ವಿಜ್ಞಾನ ಎಚ್ಚರವಾಯಿತು. ಮರುಭೂಮಿಯಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಆಗ ಶಬ್ದದ ಅಲೆಗಳು ಮೇಲಕ್ಕೆ ಹಾರಿಹೋಗದೆ ನೆಲದ ಕಡೆಗೆ ಬಾಗುತ್ತವೆ, ದೂರದ ಸದ್ದು ಕೇಳಿಸುತ್ತದೆ. ಚಳಿಗಾಲದ ರಾತ್ರಿ ನಮ್ಮ ಊರಿನಲ್ಲಿ ದೂರದ ರೈಲು ಕೇಳಿಸುವುದೂ ಇದೇ ಕಾರಣಕ್ಕೆ.

ಇನ್ನೊಂದು ವಿಷಯ ಸಿಕ್ಕಾಗ ಮೂವರೂ ಕೂಗಿಕೊಂಡೆವು. ಬೆಳಿಗ್ಗೆ ಹಂಟರ್ ವಿಮಾನಗಳಿಗೆ ಟ್ಯಾಂಕುಗಳು ಎಲ್ಲಿವೆ ಎಂದು ಮೇಲಿನಿಂದ ತೋರಿಸಿಕೊಟ್ಟದ್ದು ಮೇಜರ್ ಆತ್ಮಾ ಸಿಂಗ್ ಹಾರಿಸುತ್ತಿದ್ದ 'ಕೃಷಕ್' ಎಂಬ ಪುಟ್ಟ ವಿಮಾನ. ಅದು ತಯಾರಾದದ್ದು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ.

ಬಲಗಡೆಯ ಕಾಲಮಿನಲ್ಲಿ ನಾನು ಕೊನೆಗೆ ಬರೆದದ್ದು ನಾನು ಹುಡುಕಲು ಹೆದರುತ್ತಿದ್ದ ವಿಷಯ. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಆ ರಾತ್ರಿ ಸಾಯಲಿಲ್ಲ. 1972ರಲ್ಲಿ ಅವರಿಗೆ ಸೇನಾ ಪದಕ ಬಂತು. ಅವರು ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ, ಜೋಧಪುರದ ಆಸ್ಪತ್ರೆಯಲ್ಲಿ, ವೃದ್ಧಾಪ್ಯದಲ್ಲಿ. ಸಿನಿಮಾ ಅವರನ್ನು ಸಾಯಿಸಿದ ಮೇಲೆ 25 ವರ್ಷ ಬದುಕಿದ್ದರು. ಧರಂವೀರ್ ಕೂಡ ಬದುಕಿ ಬಂದವರೇ. ತೆರೆಯ ಮೇಲೆ ಒಬ್ಬರ ಹಿಂದೆ ಒಬ್ಬರು ಬೀಳುತ್ತಾರೆ. ಠಾಣೆಯನ್ನು ಕಾಯುತ್ತಿದ್ದವರಲ್ಲಿ ಪ್ರಾಣ ಕಳೆದುಕೊಂಡವರು ಇಬ್ಬರು ಎಂದು ನಾವು ಓದಿದ ಎಲ್ಲ ಕಡೆಯೂ ಇತ್ತು.

ಆಗ ವಾದ ಮತ್ತೆ ಹತ್ತಿಕೊಂಡಿತು. ಕನ್ನಡದ ಗೆಳತಿ ಸುಲಭವಾಗಿ ಒಪ್ಪುವವಳಲ್ಲ. 'ಒಂದು ಯುದ್ಧದಾಗ ಸತ್ತ ಎಲ್ಲಾರ ನೋವನ್ನ ತೋರಸಾಕ ನಾಕು ಪಾತ್ರ ಬೇಕಾಗ್ತಾವ. ಕಲಾವಿದಗ ಅಷ್ಟು ಹಕ್ಕಿಲ್ಲೇನು?' ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಎರಡು ವಾರದ ಆ ಯುದ್ಧದಲ್ಲಿ ಎಲ್ಲ ಕಡೆ ಸೇರಿ ಸಾವಿರಾರು ಮನೆಗಳಿಗೆ ಸಾವಿನ ಸುದ್ದಿ ಹೋಗಿತ್ತು. ಇತಿಹಾಸದವಳು, 'ಹಕ್ಕು ಅದ. ಆದ್ರ ಹೆಸರು ಯಾಕ ಖರೇದ ಇಡಬೇಕು? ಕುಮಾರವ್ಯಾಸನ ಭೀಮ ಎದ್ದು ಬಂದು ನಾ ಹಂಗ ಹೇಳಿಲ್ಲ ಅನ್ನೂದಿಲ್ಲ. ಭೈರೋನ್ ಸಿಂಗ್ ಎದ್ದು ಬರಬಹುದಿತ್ತು' ಎಂದಳು.

ಸೈನ್ಯ ಗೆಲ್ಲಿಸಿತೋ ವಾಯುಪಡೆ ಗೆಲ್ಲಿಸಿತೋ ಎಂಬುದರ ಮೇಲೂ ಜಗಳವಾಯಿತು. ಈ ವಿಷಯದಲ್ಲಿ ನಿವೃತ್ತ ಅಧಿಕಾರಿಗಳೇ ಬಹಿರಂಗವಾಗಿ ವಾದ ಮಾಡಿದ್ದಾರೆ. ನೆಲದ ಮೇಲೆ ಹೇಳಿಕೊಳ್ಳುವಂಥ ಕಾಳಗವೇ ನಡೆಯಲಿಲ್ಲ, ಎಲ್ಲ ವಿಮಾನಗಳ ಕೆಲಸ ಎಂದವರಿದ್ದಾರೆ. ಚಾಂದಪುರಿ ಅದನ್ನು ಕಟುವಾಗಿ ವಿರೋಧಿಸಿದರು, ಪ್ರಕರಣ ಕೋರ್ಟಿಗೂ ಹೋಯಿತು. ಅವರು 2018ರಲ್ಲಿ ತೀರಿಕೊಂಡರು. ನಾವು ಮೂವರು ಹಾಸ್ಟೆಲಿನ ಮಂಚದ ಮೇಲೆ ಕುಳಿತು ಅದನ್ನು ತೀರ್ಮಾನಿಸುವವರಾಗಿರಲಿಲ್ಲ. ನನಗೆ ಹೊಳೆದದ್ದು ಇಷ್ಟು. ಟ್ಯಾಂಕುಗಳಲ್ಲಿ ಹೆಚ್ಚಿನವು ಹಗಲಿನಲ್ಲಿ ವಿಮಾನಗಳಿಗೆ ಸಿಕ್ಕವು. ಆದರೆ ಹಗಲಾಗುವವರೆಗೆ ಅವುಗಳನ್ನು ಆ ಜಾಗದಲ್ಲಿ ತಡೆದದ್ದು ಠಾಣೆಯವರು. ಒಬ್ಬರ ಕೆಲಸ ತೆಗೆದರೆ ಇನ್ನೊಬ್ಬರದು ನಿಲ್ಲುವುದಿಲ್ಲ.

ಇನ್ನು ಉಳಿದದ್ದು ನಾನು ಏನು ಮಾಡಬೇಕು ಎಂಬುದು. ಶನಿವಾರ ನನ್ನ 25ನೆಯ ಪಾಠ, ಅಂತಿಮ ಪಾಠ, ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರ ಮುಂದೆ. ಅದೇ ಎಂಟನೆಯ ತರಗತಿ. ವಿಷಯ 'ವಾಯುಮಂಡಲದ ಒತ್ತಡ'. ಗೆಳತಿಯರಿಬ್ಬರೂ ಈ ಸಲ ಒಂದಾದರು. 'ಆ ಹುಡುಗೀನ ಹೊರಗ ಕರದು ಹೇಳಿಬಿಡು. ಪರೀಕ್ಷಕರ ಮುಂದ ನಿನ್ನ ತಪ್ಪು ನೀನ ಯಾಕ ಎತ್ತಿ ತೋರಸ್ತಿ?' ಎಂದರು. ಗುರುವಾರ ಹಾಗೆಯೇ ಮಾಡಲು ಹೋದೆ. ಹುಡುಗಿ ಶಾಲೆಗೆ ಬಂದಿದ್ದಳು. ವರಾಂಡದಲ್ಲಿ ಕರೆದು, ಭೈರೋನ್ ಸಿಂಗ್ ಅವರು ಅಂದು ಸಾಯಲಿಲ್ಲ, ಮುದುಕರಾಗುವವರೆಗೂ ಬದುಕಿದ್ದರು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. 'ನಾ ಅಳಬಾರ್ದು ಅಂತ ಹೇಳಾಕತ್ತೀರೇನ್ರಿ?' ಎಂದಳು.

ಆಗ ನನಗೆ ಅರ್ಥವಾಯಿತು. ಎಲ್ಲರ ಮುಂದೆ ಹೇಳಿದ ಸುಳ್ಳನ್ನು ಮೂಲೆಯಲ್ಲಿ ಕರೆದು ತಿದ್ದಿದರೆ ಅದು ತಿದ್ದುಪಡಿಯಾಗುವುದಿಲ್ಲ, ಸಮಾಧಾನದ ಮಾತಾಗುತ್ತದೆ. ಉಳಿದ 33 ಮಕ್ಕಳ ತಲೆಯಲ್ಲಿ ಆ ಮನುಷ್ಯ ಇನ್ನೂ ಸತ್ತೇ ಇದ್ದ.

ಶನಿವಾರ ಬೆಳಿಗ್ಗೆ ಪಾಠ ಶುರುಮಾಡುವ ಮೊದಲು ಕರಿಹಲಗೆಯ ಮೇಲೆ ಎರಡು ಕಾಲಮು ಎಳೆದೆ. ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ನನ್ನ ಪಾಠ ಯೋಜನೆಯ ಪುಟ ತಿರುವಿ ಇದು ಎಲ್ಲಿದೆ ಎಂದು ಹುಡುಕುತ್ತಿದ್ದುದು ಕಾಣುತ್ತಿತ್ತು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ಸಲ ಮುರಿಯಿತು. 'ಸೋಮವಾರ ನಾ ನಿಮಗೊಂದು ಮಾತು ತಪ್ಪು ಹೇಳಿದೆ. ನಿಮ್ಮ ಗೆಳತಿ ಒಂದು ಛಲೋ ಪ್ರಶ್ನೆ ಕೇಳಿದ್ಲು. ನನಗ ಉತ್ತರ ಗೊತ್ತಿರಲಿಲ್ಲ. ಗೊತ್ತದ ಅನ್ನೋಹಂಗ ಹೇಳಿದೆ' ಎಂದೆ. ತರಗತಿ ನಿಶ್ಶಬ್ದವಾಯಿತು. ಸಿನಿಮಾ ತೋರಿಸಿದಾಗಿನ ನಿಶ್ಶಬ್ದದ ಹಾಗಿರಲಿಲ್ಲ ಅದು. ಟೀಚರು ತಪ್ಪು ಒಪ್ಪಿಕೊಂಡಾಗ ನಗಬೇಕೋ ಬೇಡವೋ ತಿಳಿಯದ ಮಕ್ಕಳ ನಿಶ್ಶಬ್ದ.

ಎಡಕ್ಕೆ ಸಿನಿಮಾ ಹೇಳಿದ್ದು, ಬಲಕ್ಕೆ ನಡೆದದ್ದು ಬರೆದೆ. ಕೃಷಕ್ ವಿಮಾನ ಬೆಂಗಳೂರಿನದು ಎಂದಾಗ ಹುಡುಗರು ಕುಣಿದಾಡಿದರು. ಭೈರೋನ್ ಸಿಂಗ್ 2022ರವರೆಗೆ ಬದುಕಿದ್ದರು ಎಂದು ಬರೆದಾಗ ಮೂರನೆಯ ಬೆಂಚಿನ ಕಡೆ ನೋಡಿದೆ. ಅವಳು ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಠಾಣೆಯಲ್ಲಿ ಸತ್ತವರು ಇಬ್ಬರು ಎಂದು ಬರೆದು, 'ಈಗ ನಿಮ್ಮ ಪ್ರಶ್ನೆ ಅದಾವೇನು?' ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ, 'ಟೀಚರ್ರಿ, ಹಂಗಾದ್ರ ಸೋಮವಾರ ಹೇಳಿದ 36 ಟನ್ ಖರೆ ಏನ್ರಿ?' ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ಕೇಳುವ ಹಕ್ಕನ್ನು ನಾನೇ ಅವನಿಗೆ ಕೊಟ್ಟಿದ್ದೆ. ಆ ಅಂಕಿ ಎಲ್ಲಿಂದ ತೆಗೆದುಕೊಂಡೆ ಎಂದು ಹೇಳಿದೆ. ಹಾಗೆಯೇ ಒಂದು ಚದರ ಸೆಂಟಿಮೀಟರಿಗೆ 0.8 ಕಿಲೋ ಎಂದರೆ ಸುಮಾರು 80,000 ಪ್ಯಾಸ್ಕಲ್ ಎಂದು ಬರೆದು ಆ ತಪ್ಪನ್ನೂ ಸರಿಮಾಡಿದೆ. ವಾಯುಮಂಡಲದ ಒತ್ತಡ ಸುಮಾರು 1,00,000 ಪ್ಯಾಸ್ಕಲ್. ನಮ್ಮ ಮೇಲಿರುವ ಗಾಳಿಯ ಒತ್ತಡ ಆ ಟ್ಯಾಂಕಿನ ಒತ್ತಡಕ್ಕಿಂತ ಹೆಚ್ಚು ಎಂದಾಗ ಮಕ್ಕಳು ತಮ್ಮ ಅಂಗೈಗಳನ್ನು ನೋಡಿಕೊಂಡರು. ಅಲ್ಲಿಂದ ಅಂದಿನ ಪಾಠ ತಾನಾಗಿಯೇ ಶುರುವಾಯಿತು.

ಆರು ನಿಮಿಷ ಹೆಚ್ಚಾಗಿತ್ತು. ಮೌಲ್ಯಮಾಪನದ ಹಂತ ಪೂರ್ತಿಯಾಗಲಿಲ್ಲ, ಗಂಟೆ ಹೊಡೆಯಿತು. ಪರೀಕ್ಷಕರು ಬರೆದರು: 'ಯೋಜನೆಯಲ್ಲಿ ಇಲ್ಲದ ವಿಷಯಕ್ಕೆ ಸಮಯ ವ್ಯಯ. ಸಮಯ ನಿರ್ವಹಣೆ ಸುಧಾರಿಸಬೇಕು.' ನನಗೆ ಬೇಸರವಾಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬೇಸರವಾಯಿತು. ಅವರು ಬರೆದದ್ದರಲ್ಲಿ ತಪ್ಪೂ ಇರಲಿಲ್ಲ. ಸೋಮವಾರವೇ 'ನೋಡಿ ಬಂದು ಹೇಳುತ್ತೇನೆ' ಎಂಬ ಮೂರು ಪದ ಹೇಳಿದ್ದರೆ ಆರು ನಿಮಿಷ ಉಳಿಯುತ್ತಿತ್ತು.

ಮುಂದಿನ ವರ್ಷ ಹೋಗುವವರಿಗೆ ನನ್ನ ಅನುಭವದಿಂದ ಹೇಳುವುದಾದರೆ, ಸಿನಿಮಾವನ್ನು ತರಗತಿಗೆ ತರಬೇಡಿ ಎನ್ನುವುದಿಲ್ಲ. ಟ್ಯಾಂಕ್ ನೋಡದೆ ಆ ಮಕ್ಕಳು ಒತ್ತಡದ ಲೆಕ್ಕವನ್ನು ಅಷ್ಟು ಆಸೆಯಿಂದ ಮಾಡುತ್ತಿರಲಿಲ್ಲ. ತುಣುಕನ್ನು ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಗುರುತು ಹಾಕಿಕೊಳ್ಳಿ, ಅಲ್ಲಿಯೇ ನಿಲ್ಲಿಸಿ. ತೋರಿಸುವ ಮುನ್ನ ಎರಡು ಕಾಲಮಿನ ಹಾಳೆ ಮಾಡಿಕೊಳ್ಳಿ. ನಿಮ್ಮ ತರಗತಿಯಲ್ಲಿ ಯಾರ ಅಪ್ಪ ಎಲ್ಲಿದ್ದಾರೆ ಎಂದು ತಿಳಿದುಕೊಳ್ಳಿ. ವಿದ್ಯಾರ್ಥಿಗಳ ಹಿನ್ನೆಲೆ ಅರಿಯುವುದು ಎಂದು ನಾವು ಮನೋವಿಜ್ಞಾನದ ಪತ್ರಿಕೆಯಲ್ಲಿ ಬರೆಯುತ್ತೇವಲ್ಲ, ಅದು ಇದೇ ಎಂದು ನನಗೆ ಆ ಅಜ್ಜ ಬಂದು ಕುಳಿತಾಗ ತಿಳಿಯಿತು.

ಕೊನೆಯ ದಿನ ಬೀಳ್ಕೊಡುಗೆಗೆ ಮಕ್ಕಳು ಸುತ್ತ ನಿಂತಿದ್ದಾಗ ಆ ಹುಡುಗಿ ಬಂದಳು. ಅಪ್ಪ ಸಂಕ್ರಾಂತಿಗೆ ರಜೆಯ ಮೇಲೆ ಬರುತ್ತಾರೆ ಎಂದಳು. ಆಮೇಲೆ ಅಷ್ಟೇ ಸಹಜವಾಗಿ ಕೇಳಿದಳು. 'ಟೀಚರ್ರಿ, ಸಿನಿಮಾದಾಗ ಸತ್ತವರು ಬದುಕಿದ್ರು ಅಂದ್ರಿ. ಖರೇನ ಸತ್ತ ಆ ಇಬ್ಬರು ಯಾರ್ರಿ?'

'ನೋಡಿ ಬಂದು ಹೇಳತೀನವ್ವ' ಎಂದೆ. ಅವಳು ನನ್ನ ದಾಖಲೆ ಪುಸ್ತಕದ ಹಿಂದಿನ ಪುಟದಲ್ಲಿ ತನ್ನ ಅಜ್ಜನ ಫೋನ್ ನಂಬರ್ ಬರೆದುಕೊಟ್ಟಳು. ಅಂಕಗಳೆಲ್ಲ ಮುಂದಿನ ಪುಟಗಳಲ್ಲಿವೆ. ನಾನು ಉತ್ತರಿಸಬೇಕಾದದ್ದು ಆ ಪುಟದಲ್ಲಿದೆ.